ಎರೆಯುವ ಅಮೃತವ್ವ

ಬೆಳ್ಳಟ್ಟಿಯ ಅಮೃತವ್ವನಿಗೆ ತಾನು ಹುಟ್ಟಿದ ವರ್ಷ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಯಾರೋ ಜನವರಿ ಒಂದು ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಆದರೆ ಯಾರ ಮನೆಯ ಕೂಸು ಯಾವ ಅಮಾವಾಸ್ಯೆಯ ಹಿಂದೆಮುಂದೆ ಹುಟ್ಟಿತು, ಹುಟ್ಟಿದಾಗ ಅದರ ಮೂಗು ಎಷ್ಟು ಚಪ್ಪಟೆಯಿತ್ತು, ತನ್ನ ಕೈಯಲ್ಲಿ ಎಷ್ಟು ನೆಟ್ಟಗಾಯಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಲವತ್ತು ವರ್ಷ ಬೆಳ್ಳಟ್ಟಿ, ಶಿರಹಟ್ಟಿ ಸುತ್ತಿನ ಮನೆಗಳಲ್ಲಿ ಕೂಸುಗಳಿಗೂ ಬಾಣಂತಿಯರಿಗೂ ಎರೆದವಳು ಅವಳು.

ನಮ್ಮ ಕಡೆ ಎರೆಯುವುದೆಂದರೆ ಬರೀ ಮೈಮೇಲೆ ನೀರು ಹಾಕುವುದಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೈಗೆಲ್ಲ ಎಣ್ಣೆ ಹಚ್ಚಿ ತಿಕ್ಕಬೇಕು. ಎರಡೂ ಕೈ ಹಿಡಿದು ಎದೆಯ ಮೇಲೆ ಕತ್ತರಿ ಹಾಕಿ ಎಳೆಯಬೇಕು. ಎಡಗಾಲನ್ನು ಬಲಗೈಗೆ, ಬಲಗಾಲನ್ನು ಎಡಗೈಗೆ ಮುಟ್ಟಿಸಬೇಕು. ಆಮೇಲೆ ಬಿಸಿನೀರು. ಕೂಸು ಓಣಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ, ಹಡೆದವಳು ಒಳಗೆ ಕುಳಿತು ಕಣ್ಣೊರೆಸಿಕೊಳ್ಳುತ್ತಾಳೆ, ಎರೆಯುವವಳು ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಲೋಬಾನದ ಹೊಗೆ ಕೊಟ್ಟು ಬಟ್ಟೆ ಸುತ್ತಿ ಮಲಗಿಸಿದರೆ ಕೂಸು ಮಧ್ಯಾಹ್ನದ ತನಕ ಏಳುವುದಿಲ್ಲ.

ನಾನು ಅನ್ನಪೂರ್ಣ. ಮೂವತ್ತೊಂದು ವರ್ಷ ಸರ್ಕಾರಿ ನರ್ಸ್ ಆಗಿದ್ದೆ, ಅದರಲ್ಲಿ ಹನ್ನೊಂದು ವರ್ಷ ಬೆಳ್ಳಟ್ಟಿಯ ದವಾಖಾನೆಯಲ್ಲಿ. ಕಿವಿಗೆ ಎಣ್ಣೆ ಬಿಡಬೇಡ, ನೀರು ಅಷ್ಟು ಸುಡಬಾರದು ಎಂದು ನಾನು ಅಮೃತವ್ವನ ಮೇಲೆ ಹರಿಹಾಯ್ದ ದಿನಗಳು ಕಡಿಮೆಯಲ್ಲ. ಅವಳು ನಗುತ್ತಿದ್ದಳು. “ಪುಸ್ತಕದಾಗ ಬರದದ್ದನ್ನ ನೀವ ಮಾಡ್ರಿ ಅಕ್ಕಾರ. ಕೂಸಿನ್ನ ಮಲಗಸೂದು ನನಗ ಬಿಡ್ರಿ” ಎನ್ನುತ್ತಿದ್ದಳು. ಕೊನೆಗೆ ನನಗೇ ಮಗಳು ಹುಟ್ಟಿದಾಗ, ಊರಿಗೆಲ್ಲ ಬುದ್ಧಿ ಹೇಳಿದ ಈ ನರ್ಸಮ್ಮ ಸದ್ದಿಲ್ಲದೆ ಅಮೃತವ್ವನನ್ನೇ ಕರೆಸಿಕೊಂಡೆ. ಮಗಳಿಗೂ ಎರೆದಳು, ನನಗೂ ಎರೆದಳು. ಆ ಕೈಯ ಸುಖ ನನ್ನ ಸೊಂಟಕ್ಕೆ ಈಗಲೂ ನೆನಪಿದೆ.

ಬರಬರುತ್ತ ಅವಳನ್ನು ಕರೆಯುವ ಮನೆಗಳು ಕಡಿಮೆಯಾದವು. ಈಗಿನ ತಾಯಂದಿರು ಕೂಸಿಗೆ ಸ್ನಾನ ಮಾಡಿಸುವುದನ್ನು ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ನಾನು ನಿವೃತ್ತಳಾಗಿ ಹುಲಕೋಟಿಯಲ್ಲಿ ನೆಲೆಸಿ, ವಾರಕ್ಕೊಮ್ಮೆ ಬೆಟಗೇರಿಯ ಅಂಚಿನ ಒಂದು ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿಯವರ ಬಿ.ಪಿ., ಸಕ್ಕರೆ ನೋಡಿ ಬರುತ್ತಿದ್ದೆ. ಆಶ್ರಮದ ಹೆಸರು ಇಲ್ಲಿ ಬೇಡ. ಹೆಂಗಸರ ವಾರ್ಡಿನಲ್ಲಿ ಒಂಬತ್ತು ಮಂದಿ. ಅವರಿಗೆ ಸ್ನಾನ ಮಾಡಿಸುವವರು ಸಿಗದೆ ಆಶ್ರಮ ನಡೆಸುವ ದೇವೇಂದ್ರಪ್ಪನವರು ಒದ್ದಾಡುತ್ತಿದ್ದಾಗ, ಮೂರು ವರ್ಷದ ಹಿಂದೆ, ಅಮೃತವ್ವನ ಹೆಸರು ಹೇಳಿದವಳು ನಾನೇ.

ಬಂದ ದಿನವೇ ಅವಳು ಸೊಂಟಕ್ಕೆ ಸೆರಗು ಸಿಗಿಸಿ ಬಚ್ಚಲಿಗೆ ಹೊಕ್ಕಳು. ಸೋಮವಾರ ಮತ್ತು ಗುರುವಾರ ಎಣ್ಣೆ ಹಚ್ಚಿ ಎರೆಯುವುದು, ಉಳಿದ ದಿನ ಒದ್ದೆ ಬಟ್ಟೆಯಿಂದ ಮುಖ, ಅಂಗೈ, ಪಾದ ಅಷ್ಟೇ ಒರೆಸುವುದು ಎಂದು ಅವಳೇ ಗೊತ್ತುಮಾಡಿದಳು. ಆ ಎರಡು ದಿನ ಮುದುಕಿಯರು ಮಧ್ಯಾಹ್ನದ ಊಟಕ್ಕೂ ಏಳದೆ ನಿದ್ದೆ ಹೋಗುತ್ತಿದ್ದರು. ನಿದ್ದೆ ಮಾತ್ರೆ ನಿಲ್ಲಿಸಬಹುದು ಎಂದು ನಾನೇ ದೇವೇಂದ್ರಪ್ಪನವರ ಮುಂದೆ ಹೆಮ್ಮೆಪಟ್ಟಿದ್ದೆ.

ಆ ಒಂಬತ್ತು ಮಂದಿಯಲ್ಲಿ ಒಬ್ಬಳು ಸಾವಿತ್ರೆವ್ವ, ಶಿರಹಟ್ಟಿಯ ಕಿರಾಣಿ ವ್ಯಾಪಾರದ ಮನೆಯವಳು. ಅವಳು ಹಡೆದದ್ದು ಒಂದೇ ಕೂಸು. ಅದಕ್ಕೆ ಎರೆಯಲು ಆಗ ಹೋಗಿದ್ದವಳು ಇದೇ ಅಮೃತವ್ವ. ಹತ್ತೊಂಬತ್ತನೆಯ ದಿನ ಜ್ವರ ಬಂದು ಕೂಸು ಹೋಯಿತು. ಆಮೇಲೂ ಅಮೃತವ್ವ ನಲವತ್ತು ದಿನ ತುಂಬುವ ತನಕ ದಿನಾ ಹೋಗಿ, ಮಡಿಲು ಬರಿದಾದ ಆ ಬಾಣಂತಿಗೆ ಎರೆದು ಬಂದಿದ್ದಳು. ಇಬ್ಬರೂ ಇಷ್ಟು ವರ್ಷದ ಮೇಲೆ ಆಶ್ರಮದಲ್ಲಿ ಮುಖ ನೋಡಿದಾಗ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಕಳೆದ ವರ್ಷ ಜೂನಿನಲ್ಲಿ ಸಾವಿತ್ರೆವ್ವನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಅಂದಿನಿಂದ ಅಮೃತವ್ವನಿಗೆ ಅವಳದೇ ಧ್ಯಾನ. “ಅಕಿನ್ನ ಮತ್ತ ಕೈಕಾಲು ಆಡಸೂ ಹಂಗ ಮಾಡತೇನಿ ನೋಡ್ರಿ” ಎಂದು ನನಗೆ ಹೇಳಿದ್ದಳು. ಬಿದ್ದ ಕೈಗೆ ಎರಡರಷ್ಟು ಎಣ್ಣೆ ಹಚ್ಚುತ್ತಿದ್ದಳು.

ಆಗಸ್ಟಿನ ಒಂದು ಗುರುವಾರ ಅಮೃತವ್ವ ನನ್ನ ಕೈ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು. ಸಾವಿತ್ರೆವ್ವನ ತೋಳಿನ ಒಳಭಾಗದಲ್ಲಿ, ತೊಡೆಯಲ್ಲಿ, ನೀಲಿಗಟ್ಟಿದ ಕಲೆಗಳಿದ್ದವು. ಬೆರಳು ಊರಿದ ಹಾಗೆ ಸಾಲಾಗಿದ್ದವು.

“ಯಾರೋ ಇಕಿನ್ನ ಹಿಡದು ಹಿಂಡ್ಯಾರ ಅಕ್ಕಾರ” ಎಂದಳು. “ಬಾಯಿ ಬರಲಾರದಾಕಿನ್ನ ಹಿಂಗ ಮಾಡಿದಾರಲ್ಲ, ಅವರ ಕೈ ಸೇದಿ ಹೋಗ್ಲಿ.”

ಮುಂದಿನ ವಾರ ಇನ್ನೊಬ್ಬರ ಮೈಮೇಲೂ ಅಂಥವೇ ಕಲೆಗಳು. ಲಕ್ಷ್ಮೇಶ್ವರದ ನಿವೃತ್ತ ಶಿಕ್ಷಕಿ ಅವರು, ಆ ಬೇಸಿಗೆಯಲ್ಲಷ್ಟೇ ಹೃದಯದ ಆಪರೇಷನ್ ಆಗಿದ್ದವರು, ತಲೆ ಚುರುಕಾಗಿಯೇ ಇತ್ತು. “ನಿಮಗ ಯಾರು ಹೊಡದ್ರು ಟೀಚರ?” ಎಂದು ಕೇಳಿದೆ. “ಯಾರೂ ಹೊಡದಿಲ್ಲವಾ” ಎಂದರು. ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಉತ್ತರ. ಹೆದರಿ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಸಾವಿತ್ರೆವ್ವನ ಮೈದುನನ ಮಗಳು ಕಾಂಚನಾ ಗದಗಿನಿಂದ ನೋಡಲು ಬಂದಳು. ದೊಡ್ಡವ್ವನ ಸೆರಗು ಸರಿಪಡಿಸಲು ಹೋಗಿ ತೋಳು ಕಂಡಳು. ಆಶ್ರಮದ ಅಂಗಳದಲ್ಲಿ ನಿಂತು ಅವಳು ಕೂಗಾಡಿದ್ದು ರಸ್ತೆಯ ತನಕ ಕೇಳಿಸಿತು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು, ಪೊಲೀಸರ ಹತ್ತಿರ ಹೋಗುತ್ತೇನೆ ಎಂದಳು. ದೇವೇಂದ್ರಪ್ಪನವರು ನನಗೆ ಫೋನ್ ಮಾಡಿದರು.

“ಅಕ್ಕಾರ, ಕಾಂಚನಾ ಎಂಟ ದಿವಸದ ಟೈಮ್ ಕೊಟ್ಟಾಳ. ಅಷ್ಟರೊಳಗ ನೀವ ನೋಡಿ ಯಾರಂತ ಹೇಳಿಬಿಡ್ರಿ. ನಿಮ್ಮ ಮಾತು ಎಲ್ಲಾರೂ ಕೇಳತಾರ.”

ನನಗೆ ಆಗ ಒಳಗೊಳಗೇ ಹಿಗ್ಗಾಯಿತು. ಇದನ್ನು ಮುಚ್ಚಿಡುವುದಿಲ್ಲ. ಹೊಸ ನೋಟ್‌ಬುಕ್ ತೆಗೆದುಕೊಂಡು, ಕನ್ನಡಕ ಏರಿಸಿಕೊಂಡು, ದೊಡ್ಡ ಸಾಹೇಬಳ ಗತ್ತಿನಲ್ಲಿ ವಿಚಾರಣೆಗೆ ಕೂತೆ. ನನ್ನ ಸಹಾಯಕ್ಕೆ ಅಮೃತವ್ವ. ಆ ವಾರ್ಡಿನ ಒಳಹೊರಗು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳ ಲೆಕ್ಕಾಚಾರ ನೇರವಾಗಿತ್ತು. “ಸೋಮವಾರ ನಾ ಎರದು ಮಲಗಿಸಿದಾಗ ಹೊಸಾ ಕಲಿ ಒಂದೂ ಇರಲಿಲ್ರಿ. ಗುರುವಾರ ಸೀರಿ ಬಿಚ್ಚಿದ್ರ ಕಪ್ಪಗ ಎದ್ದಾವ. ನಡುವ ಆ ಮೈ ಮುಟ್ಟಿದಾಕಿ ಯಾರು?”

ನಡುವೆ ಮುಟ್ಟಿದವಳು ಶೈಲಾ. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಇಪ್ಪತ್ತೆರಡು ವರ್ಷ. ಸೀರೆ ಉಡಿಸುವುದು, ಹಾಸಿಗೆ ಬದಲಿಸುವುದು, ಊಟ ಮಾಡಿಸುವುದು ಅವಳ ಕೆಲಸ. ಮುಂಡರಗಿಯಲ್ಲಿ ಗಂಡು ಗೊತ್ತಾಗಿತ್ತು, ದೀಪಾವಳಿಯ ಮೇಲೆ ಮದುವೆ. ಕಿವಿಯಲ್ಲಿ ಸದಾ ಇಯರ್‌ಫೋನ್, ಮಾತು ಸ್ವಲ್ಪ ಖಾರ. ಒಮ್ಮೆ ನನಗೂ ಎದುರು ಮಾತಾಡಿದ್ದಳು. ಅದನ್ನು ನಾನು ಮರೆತಿರಲಿಲ್ಲ.

“ನಾ ಸೀರಿ ಉಡಸಾಕ ಅಷ್ಟ ಮುಟ್ಟಿದ್ದು” ಎಂದಳು ಶೈಲಾ. “ನನಗ್ಯಾಕ ಕೇಳತೀರಿ? ಎಲ್ಲಾರನೂ ಕೇಳ್ರಲ್ಲ.”

ಎಲ್ಲರನ್ನೂ ಕೇಳುವ ಬದಲು ನಾನು ಸಾವಿತ್ರೆವ್ವನನ್ನೇ ಕೇಳೋಣ ಎಂದೆ. ಮಾತಿಲ್ಲದಿದ್ದರೂ ಕಣ್ಣಿದೆಯಲ್ಲ. ದೇವೇಂದ್ರಪ್ಪನವರ ಎದುರಿಗೆ ಸಾವಿತ್ರೆವ್ವನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅಮೃತವ್ವ ಪಕ್ಕದಲ್ಲಿ ನಿಂತು ತೋಳು ಹಿಡಿದುಕೊಂಡಳು. ಶೈಲಾಳನ್ನು ಒಳಗೆ ಕರೆದು ಎದುರಿಗೆ ನಿಲ್ಲಿಸಿದೆ. ಸಾವಿತ್ರೆವ್ವ ಮೈ ಹಿಂದಕ್ಕೆ ಎಳೆದುಕೊಂಡು ಸೊಟ್ಟ ಬಾಯಿಂದ ಅಳತೊಡಗಿದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ಶೈಲಾಳನ್ನು ಕಂಡೊಡನೆ ಸಾವಿತ್ರೆವ್ವ ಅತ್ತರು.

“ಇನ್ನ ಏನ ಬೇಕ್ರಿ?” ಎಂದಳು ಅಮೃತವ್ವ. ಶೈಲಾಳತ್ತ ತಿರುಗಿ, “ನಿನಗೂ ಒಂದ ದಿವಸ ಮುಪ್ಪ ಬರತೈತಿ, ತಂಗಿ” ಎಂದಳು.

ಅದೇ ಸಂಜೆ ಶೈಲಾಳನ್ನು ಕೆಲಸದಿಂದ ತೆಗೆದರು. ಕಾಂಚನಾ ಪೊಲೀಸರ ಹತ್ತಿರ ಹೋಗಲಿಲ್ಲ. ಆದರೆ ಮುದುಕಿಯ ತೋಳಿನ ಫೋಟೋ ಜೊತೆ ಶೈಲಾಳ ಫೋಟೋವನ್ನೂ ಸೇರಿಸಿ ವಾಟ್ಸಾಪಿನಲ್ಲಿ ಹರಿಬಿಟ್ಟಳು. ಬೆಟಗೇರಿ ದಾಟಿ ಅದು ಮುಂಡರಗಿ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಗಂಡಿನ ಮನೆಯವರು ನಿಶ್ಚಯದ ಸೀರೆ ವಾಪಸು ಕಳಿಸಿ ಎಂದು ಹೇಳಿ ಕಳಿಸಿದರಂತೆ. ನನಗೆ ಖಬರ್ ಬಂದಾಗ, ಮಾಡಿದ್ದನ್ನು ಉಣ್ಣಲಿ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಶೈಲಾ ಹೋಗಿ ಹದಿನೈದು ದಿನವಾದ ಮೇಲೆ ಒಂದು ಗುರುವಾರ ಅಮೃತವ್ವ ನನಗೆ ಫೋನ್ ಮಾಡಿಸಿದಳು. ಹೊಸ ಕಲೆಗಳು ಎದ್ದಿದ್ದವು. ಅವಳು ಫೋನಿನಲ್ಲೇ ಅಳುತ್ತಿದ್ದಳು. “ಆ ಹುಡಿಗಿ ಅಲ್ಲ ಅಕ್ಕಾರ. ನಾವು ತಪ್ಪ ಮಾಡೇವಿ. ಮತ್ಯಾರೋ ಅದಾರ. ಜಲ್ದಿ ಬರ್ರಿ.”

ನಾನು ಹೋದಾಗ ಅಮೃತವ್ವ ಸಾವಿತ್ರೆವ್ವನನ್ನು ಬಚ್ಚಲಿಗೆ ಕರೆದೊಯ್ದಿದ್ದಳು. ಕಲೆಗಳನ್ನು ಬೆಳಕಿನಲ್ಲಿ ನೋಡೋಣವೆಂದು ನಾನೂ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಅವಳು ಮುದುಕಿಯರಿಗೆ ಎರೆಯುವುದನ್ನು ಅಷ್ಟು ದಿನಗಳಲ್ಲಿ ಒಮ್ಮೆಯೂ ನಾನು ನಿಂತು ನೋಡಿರಲಿಲ್ಲ. ನೋಡುವುದೇನಿದೆ, ನನ್ನ ಮೈಗೇ ಗೊತ್ತಿತ್ತಲ್ಲ.

ಸಾವಿತ್ರೆವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಳು. ಎದುರಿಗೆ ಮಣೆಯ ಮೇಲೆ ಅಮೃತವ್ವ. ಕಾಲನ್ನು ತೊಡೆಯ ಮೇಲೆಳೆದುಕೊಂಡು ಹೆಬ್ಬೆರಳು ಊರಿ ಮೇಲಿನಿಂದ ಕೆಳಕ್ಕೆ ತೀಡಿದಳು. ಎದ್ದು ನಿಂತು ಎರಡೂ ತೋಳು ಹಿಡಿದು ಎದೆಯ ಮೇಲೆ ಕತ್ತರಿ ಹಾಕಿ ಎಳೆದಳು, ಒಂದು, ಎರಡು, ಮೂರು. ಅವಳ ಬೆರಳುಗಳು ಹೂತದ್ದು ಆ ಕಲೆಗಳ ಮೇಲೆಯೇ. ಸಾವಿತ್ರೆವ್ವ ಬಾಯಿ ಸೊಟ್ಟ ಮಾಡಿಕೊಂಡು ಅಳುತ್ತಿದ್ದಳು.

“ಅಳು, ಅಳು ನನ್ನವ್ವ” ಎನ್ನುತ್ತಿದ್ದಳು ಅಮೃತವ್ವ, ಕೂಸಿಗೆ ಹೇಳುವ ರಾಗದಲ್ಲಿ. “ಅತ್ತಷ್ಟೂ ಛಲೋ ನಿದ್ದಿ.”

ನಾನು ಹಂಡೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ಇಬ್ಬರಿಗೆ ಮಾತ್ರ ಕಲೆ ಏಕೆ, ಉಳಿದ ಏಳು ಮಂದಿಗೆ ಏಕಿಲ್ಲ ಎಂಬುದೂ ಅಲ್ಲೇ ಹೊಳೆಯಿತು. ಲಕ್ವಾ ಆದವಳಿಗೂ ಹೃದಯದ ಆಪರೇಷನ್ ಆದವರಿಗೂ ಡಾಕ್ಟರು ರಕ್ತ ತೆಳ್ಳಗಾಗುವ ಗುಳಿಗೆ ಕೊಡುತ್ತಿದ್ದರು. ಆ ಗುಳಿಗೆ ನುಂಗುವ ಮುದಿ ಮೈಗೆ ಸ್ವಲ್ಪ ಒತ್ತಿದರೂ ಒಳಗೆ ರಕ್ತ ಹರಿದು, ಒಂದೆರಡು ದಿನ ಬಿಟ್ಟು ನೀಲಿಗಟ್ಟುತ್ತದೆ. ನರ್ಸಿಂಗ್ ಕಲಿಯುವ ಹುಡುಗಿಗೂ ಗೊತ್ತಿರುವ ಮಾತು. ವಾರವಾರ ಆ ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದವಳು ನಾನೇ. ಗುಳಿಗೆ ನೋಡುವುದನ್ನು ಬಿಟ್ಟು ಕಳ್ಳರನ್ನು ಹುಡುಕಲು ಹೊರಟಿದ್ದೆ.

ಶಿಕ್ಷಕಿಯ ಬಳಿ ಹೋಗಿ ಈ ಸಲ ಬೇರೆ ರೀತಿ ಕೇಳಿದೆ. ಎರೆಯುವಾಗ ನೋಯುತ್ತದೆಯೇ?

“ನೋಯತೈತಿ” ಎಂದರು. “ಜೀವ ಹೋದಂಗಾಕ್ಕೈತಿ. ಆದ್ರ ಎರಿಯೂದಂದ್ರ ನೋಯೂದ ಅಲ್ಲೇನವಾ? ಅಷ್ಟ ಪ್ರೀತಿಲೇ ಮಾಡಾಕಿಗೆ ಬ್ಯಾಡ ಅಂತ ಹೆಂಗ ಅನ್ನೂದು?”

ಮನೆಗೆ ಹೋಗಿ ನೋಟ್‌ಬುಕ್ ತೆರೆದೆ. ‘ಶೈಲಾಳನ್ನು ಕಂಡೊಡನೆ’ ಎಂಬ ಸಾಲು ಕಣ್ಣಿಗೆ ಬಿತ್ತು. ಆ ಹೊತ್ತು ಸಾವಿತ್ರೆವ್ವನ ತೋಳು ಯಾರ ಕೈಯಲ್ಲಿತ್ತು ಎಂಬುದನ್ನು ನಾನು ಬರೆದಿರಲಿಲ್ಲ. ಅಮೃತವ್ವನಿಗೆ ಹೇಳದೆ, ಏನೋ ನೆಪ ಮಾಡಿ ಅವಳನ್ನು ಊರಿಗೆ ಕಳಿಸಿಬಿಡಲೇ ಎಂದು ಎರಡು ದಿನ ಯೋಚಿಸಿದೆ. ಅವಳು ಮಾತ್ರ ದಿನಾ ಫೋನ್ ಮಾಡಿಸುತ್ತಿದ್ದಳು. ಯಾರಂತ ಗೊತ್ತಾತೇನ್ರಿ, ಅಡಿಗಿಯಾಕಿ ಮ್ಯಾಲೂ ಕಣ್ಣಿಟ್ಟೇನಿ ಎನ್ನುತ್ತಿದ್ದಳು. ಇನ್ನೊಬ್ಬರ ಬಾಳು ಹಾಳಾಗುವುದು ಬೇಡವೆಂದು ಹೋದೆ.

ಬಚ್ಚಲ ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಗುಳಿಗೆಯಿಂದ ಶುರುಮಾಡಿ, ನಿನ್ನ ತಪ್ಪಿಲ್ಲ ಎಂದು ನಡುನಡುವೆ ಸೇರಿಸುತ್ತ, ಸುತ್ತಿ ಬಳಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು.

“ಅಕಿ ಅಳತಿದ್ಲು ಅಕ್ಕಾರ” ಎಂದಳು. “ಬ್ಯಾಡ ಬ್ಯಾಡ ಅನ್ನೂ ಹಂಗ ಅಳತಿದ್ಲು. ನಾ ಕೂಸು ಅತ್ತಂಗ ಅಂತ ತಿಳದೆ.”

ನಾನು ಅತ್ತೆ.

ಮರುದಿನ ಬೆಟಗೇರಿಯಲ್ಲಿ ಶೈಲಾಳ ಮನೆಗೆ ಹೋದೆವು. ಅವಳ ಅವ್ವ ಮಗ್ಗದಲ್ಲಿದ್ದಳು. ಶೈಲಾ ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಸೊರಗಿದ್ದಳು. ಅಮೃತವ್ವ ಬಾಗಿಲಲ್ಲೇ ಕುಸಿದು ಕುಳಿತು ಎಲ್ಲವನ್ನೂ ಹೇಳಿದಳು. ಶೈಲಾಳ ಕಾಲು ಹಿಡಿಯಲು ಹೋದಳು, ಶೈಲಾ ಕಾಲು ಹಿಂದೆಳೆದುಕೊಂಡಳು.

“ಅಕಿ ಬೇಕಂತ ಮಾಡಿಲ್ಲ ತಂಗಿ” ಎಂದೆ ನಾನು. ದೇವೇಂದ್ರಪ್ಪನವರೂ ಕಾಂಚನಾಳೂ ಹಿಂದಿನ ದಿನ ವಿಷಯ ತಿಳಿದು ಇದೇ ಮಾತು ಹೇಳಿ ಅಮೃತವ್ವನನ್ನು ಸಮಾಧಾನ ಮಾಡಿದ್ದರು.

ಶೈಲಾ ನೂಲು ಕೆಳಗಿಟ್ಟಳು. “ಅಜ್ಜಿ ಮಾಡ್ಯಾಳ, ಎಲ್ಲಾರೂ ‘ಬೇಕಂತ ಮಾಡಿಲ್ಲ’ ಅಂತೀರಿ. ನಾ ಮಾಡೇ ಇರಲಿಲ್ಲ ಅಕ್ಕಾರ. ನನಗ ಒಬ್ಬರರ ಹಂಗಂದ್ರೇನು?”

ಶೈಲಾ ಎದ್ದು ಅಮೃತವ್ವನಿಗೆ ನೀರು ತಂದುಕೊಟ್ಟಳು, ನನಗೆ ಕೊಡಲಿಲ್ಲ. ಕೊಡದಿದ್ದುದೇ ಸರಿ.

ಅಮೃತವ್ವನಿಗೆ ಅಷ್ಟಕ್ಕೇ ಮನಸ್ಸು ತಡೆಯಲಿಲ್ಲ. ಅಲ್ಲಿಂದ ನೇರವಾಗಿ ಬಸ್ ಹತ್ತಿಸಿ ನನ್ನನ್ನು ಮುಂಡರಗಿಗೆ ಕರೆದೊಯ್ದಳು. ಗಂಡಿನ ಮನೆಯ ಪಡಸಾಲೆಯಲ್ಲಿ ನಿಂತು, “ಆ ಹುಡಿಗಿ ಬಂಗಾರದಂಥಾಕಿ. ಮುದುಕ್ಯಾರಿಗೆ ನೋವು ಮಾಡಿದಾಕಿ ನಾನು” ಎಂದು ಕೈ ಚಾಚಿ ತೋರಿಸಿದಳು. ಗಂಡಿನ ತಾಯಿ ಆ ಕೈ ನೋಡಿದಳು, ಬಾಗಿದ ಬೆನ್ನು ನೋಡಿದಳು.

“ಹುಡಿಗಿ ಕಡೆಯಾರು ಕಳಿಸ್ಯಾರೇನು? ಈ ವಯಸ್ಸಿನ್ಯಾಗ ಯಾಕ ಸುಳ್ಳ ಹೇಳತಿಯವ್ವಾ. ನಿನ್ನ ನೋಡಿದ್ರ ಗೊತ್ತಾಗೂದಿಲ್ಲೇನು?” ಎಂದಳು. ಹುಡುಗನಿಗೆ ಆಗಲೇ ಬೇರೆ ಕಡೆ ಗೊತ್ತಾಗಿತ್ತು. ನಮಗೆ ಚಹಾ ಕುಡಿಸಿ ಕಳಿಸಿದರು.

ಬಸ್ಸಿನಲ್ಲಿ ಅಮೃತವ್ವ ಒಂದೇ ಮಾತು ಹೇಳಿದಳು: “ಖರೆ ಹೇಳಿದ್ರೂ ಯಾರೂ ನಂಬಲಿಲ್ಲಲ್ರಿ.”

ದೇವೇಂದ್ರಪ್ಪನವರು ಅವಳನ್ನು ಇರು ಎಂದರು. ಅಡುಗೆ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚಿಕೊಂಡಿರು, ಯಾರು ಬೇಡ ಅಂತಾರೆ ಎಂದರು. ಅವಳು ಒಪ್ಪಲಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಬೆಳ್ಳಟ್ಟಿಗೆ ಹೊರಟಳು. ಹೊಸದಾಗಿ ಬಂದ ಹೆಂಗಸು ಮೆತ್ತನೆಯ ಬಟ್ಟೆಯಿಂದ ಸಾವಿತ್ರೆವ್ವನ ಮೈ ಒರೆಸಿ, ಸೀರೆ ಉಡಿಸಿ, ಕೌದಿ ಹೊದಿಸಿ ಮಲಗಿಸಿದ್ದಳು. ಕಲೆಗಳು ಹಳದಿಗೆ ತಿರುಗಿ ಮಾಯತೊಡಗಿದ್ದವು.

“ಒಂದ ಮಾತು ಹೇಳಿ ಬರತೇನ್ರಿ” ಎಂದು ಅಮೃತವ್ವ ವಾರ್ಡಿನೊಳಗೆ ಹೋದಳು. ನಾನು ಹಿಂದೆ ಹೋದೆ. ಸಾವಿತ್ರೆವ್ವ ಎಚ್ಚರವಿದ್ದಳು. ಗೆಳತಿಯನ್ನು ಕಂಡು ಅವಳ ಕಣ್ಣು ಅರಳಿತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅಮೃತವ್ವ ಮಂಚದ ಹತ್ತಿರ ಬಗ್ಗಿ, ಅವಳ ಹಣೆಯ ಮೇಲಿನ ಕೂದಲು ಸರಿಸಲು ಕೈ ಮುಂದೆ ಮಾಡಿದಳು.

ಸಾವಿತ್ರೆವ್ವ ಎಡಗೈಯಿಂದ ತನ್ನ ಬಿದ್ದುಹೋದ ಬಲಗೈಯನ್ನು ಹಿಡಿದು, ಸರಸರನೆ ಕೌದಿಯೊಳಗೆ ಎಳೆದುಕೊಂಡು ಮುಚ್ಚಿಟ್ಟಳು.

ಅಮೃತವ್ವನ ಕೈ ಹಾಗೆಯೇ ನಿಂತಿತು. ಆಮೇಲೆ ಅವಳು ಆ ಕೈಯನ್ನು ಸೆರಗಿನಡಿ ಇಟ್ಟುಕೊಂಡಳು.

“ಅಂಜಬ್ಯಾಡವ್ವಾ, ಮುಟ್ಟೂದಿಲ್ಲ” ಎಂದಳು. “ಇಲ್ಲೇ ದೂರ ನಿಂತು ನೋಡತೇನಿ. ಮುಟ್ಟೂದಿಲ್ಲ.” ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಹೋಗಿ, ಅಲ್ಲಿ ಹೊಸ್ತಿಲ ಹೊರಗೆ ನಿಂತಳು.